ಬೆಲ್ಲೂಚಿ ಮನೆಯ ಎರಡನೇ ಬಚ್ಚಲು ಮತ್ತು ಗಡ್ಡದ ಚಕ್ರವರ್ತಿ

ರೋಮ್ ಸಾಮ್ರಾಜ್ಯ ಏಕೆ ಬಿತ್ತು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತ ಮೂಡಿಲ್ಲ. ಕೆಲವರು ತೆರಿಗೆ ಎನ್ನುತ್ತಾರೆ, ಕೆಲವರು ಪರದೇಶದ ದಂಡು ಎನ್ನುತ್ತಾರೆ, ಸೀಸದ ಕೊಳವೆಯ ನೀರು ಎನ್ನುವವರೂ ಇದ್ದಾರೆ. ಆದರೆ ನಮ್ಮೂರು ಮೊಂತೆರಿಪಾದಲ್ಲಿ ಎವರಿಸ್ತೊ ಬೆಲ್ಲೂಚಿಯ ಎರಡನೇ ಬಚ್ಚಲುಮನೆ ಏಕೆ ಮೇಲೇಳಲಿಲ್ಲ ಎಂಬುದರ ಬಗ್ಗೆ ಯಾವ ಭಿನ್ನಾಭಿಪ್ರಾಯವೂ ಇಲ್ಲ. ಅದಕ್ಕೆ ಕಾರಣ ಒಂದು ಗಡ್ಡ. ಎರಡು ಘಟನೆಗಳಲ್ಲಿ ಯಾವುದು ದೊಡ್ಡದು ಎಂದು ನನ್ನನ್ನು ಕೇಳಿದರೆ, ಸಾಮ್ರಾಜ್ಯ ಬಿದ್ದಾಗ ನಾನು ಇರಲಿಲ್ಲ. ಬಚ್ಚಲುಮನೆಯ ಕೆಲಸ ನಿಂತಾಗ ಪಕ್ಕದ ಮನೆಯಲ್ಲೇ ಇದ್ದೆ.

ಬೆಲ್ಲೂಚಿ ಮನೆಯಲ್ಲಿ ಜನ ನಾಲ್ಕು, ಬಚ್ಚಲು ಒಂದು. ಎವರಿಸ್ತೊ, ಅವನ ಹೆಂಡತಿ ಇಯೋಲೆ, ಇಯೋಲೆಯ ತಾಯಿ, ಮತ್ತು ಗಂಡ ಸತ್ತ ಮೇಲೆ ತವರಿಗೆ ಬಂದ ಇಯೋಲೆಯ ಅಕ್ಕ. ಇಟಲಿಯ ಅರ್ಧ ಸಂಸಾರಗಳು ಇದೇ ಲೆಕ್ಕದಲ್ಲಿ ತಕರಾರಿಲ್ಲದೆ ನಡೆಯುತ್ತವೆ. ಆದರೆ ಆ ಸಂಸಾರಗಳಲ್ಲಿ ಎವರಿಸ್ತೊ ಇಲ್ಲ. ಬಸ್ಸಿನ ಟಿಕೆಟ್ ತಪಾಸಣೆಯ ಕೆಲಸದಿಂದ ನಿವೃತ್ತನಾದ ಮೇಲೆ ಅವನಿಗೆ ಹಳೆಯ ಕಂಚಿನ ನಾಣ್ಯಗಳ ಹುಚ್ಚು ಹತ್ತಿತು. ದಿನಾ ಬೆಳಿಗ್ಗೆ ಚಕ್ರವರ್ತಿಗಳ ಚಿತ್ರವಿರುವ ದಪ್ಪ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕುತ್ತಿದ್ದ. ಹೊರಗೆ ಮೂರು ಹೆಂಗಸರು ಟವೆಲು ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ನಮ್ಮಿಬ್ಬರ ಮನೆಗೂ ಗೋಡೆ ಒಂದೇ ಆದ್ದರಿಂದ ಸಂಭಾಷಣೆ ನನಗೆ ಬಾಯಿಪಾಠವಾಗಿತ್ತು.

"ಎವರಿಸ್ತೊ! ಒಳಗೆ ಸತ್ತಿದ್ದೀಯೋ ಬದುಕಿದ್ದೀಯೋ?"

"ಹೇಡ್ರಿಯನ್ ಹತ್ರ ಬಂದಿದೀನಿ ಕಣೇ, ಇನ್ನೊಂದ್ ನಾಲ್ಕೇ ಪುಟ!"

"ನಮ್ಮಮ್ಮಂಗೆ ಎಂಬತ್ತೆಂಟು ವರ್ಷ, ಅವಳ ಕೈಲಿ ನಾಲ್ಕು ಪುಟ ಕಾಯಕ್ಕಾಗಲ್ಲ!"

ಹೀಗಾಗಿ ಇಯೋಲೆಯ ಬದುಕಿನಲ್ಲಿ ಉಳಿದಿದ್ದ ಆಸೆ ಒಂದೇ: ಹಿತ್ತಲಲ್ಲಿ ಎರಡನೇ ಬಚ್ಚಲುಮನೆ. ಅದಕ್ಕಾಗಿ ಅವಳು ಊರಿನ ಮದುವೆ ಮನೆಗಳಿಗೆಲ್ಲ ಕೇಕು ಮಾಡಿಕೊಟ್ಟು ದುಡ್ಡು ಕೂಡಿಸಿದ್ದಳು. ನೀಲಿ ಟೈಲ್ಸು ಮೊದಲೇ ಬಂದು ಪಡಸಾಲೆಯಲ್ಲಿ ಕೂತಿತ್ತು. ಮನೆಗೆ ಹೋದವರೆಲ್ಲ ಅದನ್ನು ದಾಟಿ, ಹೊಗಳಿ, ಆಮೇಲೆ ಕೂರಬೇಕಿತ್ತು.

ಇತ್ತ ಎವರಿಸ್ತೊ ಒತ್ತೊರೀನೊನ ಕಾಫಿ ಬಾರಿನಲ್ಲಿ ಪ್ರೊಫೆಸರನಾಗಿ ಬೆಳೆಯುತ್ತಿದ್ದ. ಪ್ರೊಫೆಸರ್ ಎಂದು ಕರೆದಾಗಲೆಲ್ಲ ಎವರಿಸ್ತೊ ಎದುರಿಗಿದ್ದವರಿಗೆ ಕಾಫಿ ಕೊಡಿಸುತ್ತಾನೆ ಎಂದು ಕಂಡುಹಿಡಿದು ಆ ಪದವಿಯನ್ನು ದಯಪಾಲಿಸಿದವನು ಒತ್ತೊರೀನೊನೇ. ರೈತರು ಕರವಸ್ತ್ರದಲ್ಲಿ ಸುತ್ತಿ ತಂದ ಹಸಿರು ಕಿಲುಬು ಹಿಡಿದ ಬಿಲ್ಲೆಗಳನ್ನು ಎವರಿಸ್ತೊ ಭೂತಗನ್ನಡಿಯಲ್ಲಿ ನೋಡುತ್ತಿದ್ದ. ಅವನ ಶಾಸ್ತ್ರ ಸರಳವಾಗಿತ್ತು. ಗಡ್ಡವಿಲ್ಲದಿದ್ದರೆ ಹಳೆಯ ಕಾಲ, ಗಡ್ಡ ಬಂದರೆ ಹೇಡ್ರಿಯನ್ ಆದಮೇಲೆ. ತಲೆಯ ಮೇಲೆ ಎಲೆಯ ಹಾರವಿದ್ದರೆ ಸಾಮಾನ್ಯ, ಸೂರ್ಯನ ಕಿರಣದಂಥ ಮೊಳೆಗಳಿದ್ದರೆ ನಾಣ್ಯದ ಬೆಲೆ ಎರಡರಷ್ಟು. ಹಿಂಬದಿಯಲ್ಲಿ ದೊಡ್ಡದಾಗಿ ಎಸ್, ಸಿ ಎಂದಿದ್ದರೆ ಸೆನೆಟ್ಟಿನ ಒಪ್ಪಿಗೆ. ಇಷ್ಟರ ಆಚೆಗಿನದನ್ನೆಲ್ಲ ಮೂಗು ಹೇಳುತ್ತಿತ್ತು.

"ಮೂವತ್ತು ವರ್ಷ ಬಸ್ ಪಾಸಿನ ಫೋಟೋ ನೋಡಿದೀನಿ ಕಣ್ರೀ," ಎನ್ನುತ್ತಿದ್ದ. "ಫೋಟೋ ಹದಿನೆಂಟರದು, ಮೂತಿ ಐವತ್ತರದು. ಆದ್ರೂ ಗುರುತು ಹಿಡಿತಿದ್ದೆ. ಚಕ್ರವರ್ತಿ ಏನು ಮಹಾ!"

ಇದೇ ವಿದ್ಯೆಯನ್ನು ಬಳಸಿ ಅವನು ಒಮ್ಮೆ ಸ್ವಂತ ಮಾವನನ್ನು ಗುರುತು ಸಿಗದೆ ಬಸ್ಸಿನಿಂದ ಇಳಿಸಿದ್ದ ಎಂಬುದನ್ನು ಊರು ಮರೆತಿರಲಿಲ್ಲ.

ಇಲ್ಲಿ ನಮ್ಮೂರಿನ ಒಂದು ಶಿಷ್ಟಾಚಾರವನ್ನು ಹೇಳಬೇಕು. ಮೊಂತೆರಿಪಾದಲ್ಲಿ ಯಾರಿಗೂ ಎಂದೂ ಏನೂ ಸಿಕ್ಕಿಲ್ಲ. ಎರಡು ಸಾವಿರ ವರ್ಷ ಜನ ಬಾಳಿದ ಗುಡ್ಡ ಇದು. ನೇಗಿಲು ಹೂಡಿದರೆ ಮಡಕೆಚೂರು, ಗುಂಡಿ ತೋಡಿದರೆ ಗೋಡೆ. ಆದರೂ ಸಿಕ್ಕಿಲ್ಲ. ಯಾರ ಮನೆಯಲ್ಲಿ ಏನಿದ್ದರೂ ಅದು ಅಜ್ಜನಿಂದ ಬಂದದ್ದು. ನಮ್ಮೂರಿನ ಅಜ್ಜಂದಿರಷ್ಟು ಆಸ್ತಿವಂತರು ಬೇರೆಲ್ಲೂ ಇದ್ದಿರಲಾರರು. ಏಕೆಂದರೆ ನೆಲದಲ್ಲಿ ಹಳೆಯದೇನಾದರೂ ಸಿಕ್ಕಿತೆಂದು ಬಾಯಿಬಿಟ್ಟರೆ ಅದು ಸರ್ಕಾರದ್ದು. ಪ್ರಾಚ್ಯವಸ್ತು ಇಲಾಖೆಯವರು ಬಂದು ಕೆಂಪು ಬಿಳಿ ಪಟ್ಟಿ ಕಟ್ಟುತ್ತಾರೆ, ಪಟ್ಟಿಯ ಒಳಗೆ ಹುಲ್ಲು ಬೆಳೆಯುತ್ತದೆ, ಮನೆ ಬೆಳೆಯುವುದಿಲ್ಲ. ಗಾರೆ ಮೇಸ್ತ್ರಿ ಗ್ವೆರ್ರೀನೊ ಇಡೀ ಜಿಲ್ಲೆಗೆ ಹೆಸರುವಾಸಿಯಾಗಿದ್ದದ್ದು ಅವನ ಕಣ್ಣಿಗಾಗಿ. ಅದಕ್ಕೆ ಏನೂ ಕಾಣುತ್ತಿರಲಿಲ್ಲ. ಒಮ್ಮೆ ಪಾದ್ರಿಯ ಗ್ಯಾರೇಜಿಗೆ ಪಾಯ ತೋಡುವಾಗ ಅಮೃತಶಿಲೆಯ ಒಂದು ಕಾಲು, ಹೆಬ್ಬೆರಳ ಸಮೇತ, ಎದ್ದು ಬಂದಾಗಲೂ ಅವನು "ಆಲೂಗಡ್ಡೆ" ಎಂದು ಹೇಳಿ ಕಾಂಕ್ರೀಟು ಸುರಿದನಂತೆ.

ಅಂಥ ಗ್ವೆರ್ರೀನೊ ಬೆಲ್ಲೂಚಿ ಹಿತ್ತಲಲ್ಲಿ ಕೊಳವೆಗೆ ಗುಂಡಿ ತೋಡುತ್ತಿದ್ದಾಗ ಸಲಿಕೆಗೆ ಟಣ್ಣೆಂದು ಏನೋ ತಾಗಿತು. ಅವನು ಅಭ್ಯಾಸಬಲದಿಂದ ಕಣ್ಣುಮುಚ್ಚಿ ಕಾಂಕ್ರೀಟಿನ ಬಾಂಡ್ಲಿಗೆ ಕೈಹಾಕಿದ. ಆದರೆ ಎವರಿಸ್ತೊ ಗುಂಡಿಯ ಅಂಚಿನಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ.

"ಗ್ವೆರ್ರೀನೊ, ಅದೇನು?"

"ಏನು ಏನು? ಏನಿಲ್ಲ ಯಜಮಾನ್ರೇ. ವಾಷರು."

"ಗಡ್ಡ ಇದೆ."

"ಗಡ್ಡದ ವಾಷರು. ಹಿಂದಿನ ಕಾಲದಲ್ಲಿ ಹಂಗೇ ಬರ್ತಿದ್ವು."

ಎವರಿಸ್ತೊ ಗುಂಡಿಗೆ ಇಳಿದೇಬಿಟ್ಟ. ಅಂಗಿಯ ತುದಿಯಲ್ಲಿ ಒರೆಸಿ, ಬಿಸಿಲಿಗೆ ಹಿಡಿದು, ಪಾದ್ರಿ ಪೂಜೆಯಲ್ಲಿ ಪವಿತ್ರ ರೊಟ್ಟಿಯನ್ನು ತೋರಿಸುವಂತೆ ಎತ್ತಿ ಹಿಡಿದು ಸಾರಿದ: "ಮಾರ್ಕಸ್ ಆರೇಲಿಯಸ್! ತತ್ವಜ್ಞಾನಿ ಚಕ್ರವರ್ತಿ! ನನ್ನ ಬಚ್ಚಲಿನಲ್ಲಿ!"

ಇಯೋಲೆ ಸೌಟು ಹಿಡಿದೇ ಓಡಿಬಂದಳು. ವಿಷಯ ಅವಳಿಗೆ ಒಂದು ನೋಟಕ್ಕೆ ತಿಳಿಯಿತು. "ಅದು ಕೋಟಿನ ಗುಂಡಿ," ಎಂದಳು. "ನೋಡಿದ್ಯಾ ಗ್ವೆರ್ರೀನೊ? ಕೋಟಿನ ಗುಂಡಿ."

"ಹೌದಮ್ಮಾ, ನಾನೂ ಅದೇ ಹೇಳ್ತಿದ್ದೆ. ಕೋಟಿನ ವಾಷರು."

"ಎವರಿಸ್ತೊ, ಇಲ್ಲಿ ನೋಡು. ಈ ವಿಷಯ ಗೇಟು ದಾಟಬಾರದು. ನಮ್ಮಮ್ಮನ ತಲೆ ಮೇಲೆ ಆಣೆ ಮಾಡು."

ಎವರಿಸ್ತೊ ಅತ್ತೆಯ ತಲೆಯ ಮೇಲೆ ಆಣೆ ಮಾಡಿದ. ಅಷ್ಟು ಚುರುಕಾಗಿ ಮಾಡಿದ್ದನ್ನು ನೋಡಿಯೇ ಇಯೋಲೆ ಎಚ್ಚೆತ್ತುಕೊಳ್ಳಬೇಕಿತ್ತು.

ಅವನು ನಿಜಕ್ಕೂ ಬಾಯಿ ಮುಚ್ಚಿಕೊಂಡೇ ಬಾರಿಗೆ ಬಂದ. ಆದರೆ ಅಲ್ಲಿ ಔಷಧದಂಗಡಿಯ ಬ್ರಿಲ್ಲಿ ಇದ್ದ. ಬ್ರಿಲ್ಲಿ ಓದಿದವನು, ಊರಿನ ವಿರೋಧಪಕ್ಷದ ನಾಯಕ, ಮತ್ತು ಊರಲ್ಲಿ ಎರಡನೇ ಭೂತಗನ್ನಡಿಯ ಒಡೆಯ.

"ಬನ್ನಿ ಪ್ರೊಫೆಸರ್ರೇ," ಎಂದ ಬ್ರಿಲ್ಲಿ. "ಇವತ್ತು ಯಾರ ಮೂಗು ಎಳೆದ್ರಿ? ಅಲ್ಲಾ, ಇಷ್ಟು ವರ್ಷ ಆಯ್ತು, ಒಂದು ಮಾರ್ಕಸ್ ಆರೇಲಿಯಸ್‌ನಾದ್ರೂ ಕೈಯಲ್ಲಿ ಹಿಡಿದಿದ್ದೀರಾ? ಪುಸ್ತಕದಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ."

ಎವರಿಸ್ತೊನ ಕಿವಿ ಕೆಂಪಾಯಿತು. "ಹಿಡಿದಿದ್ದೀನಿ."

"ಎಲ್ಲಿ? ಕನಸಲ್ಲಾ?"

"ಹಿತ್ತಲಲ್ಲಿ! ಇವತ್ತು ಬೆಳಿಗ್ಗೆ! ನನ್ನ ಬಚ್ಚಲಿನ ಗುಂಡೀಲಿ ಸಿಕ್ತು!"

ಕಾಫಿ ಯಂತ್ರ ಕೂಡ ಉಸಿರು ಹಿಡಿಯಿತು. ಮೂಲೆಯ ಮೇಜಿನಲ್ಲಿ ಠಾಣೆಯ ಮುಖ್ಯಸ್ಥ, ಮರೆಶಾಲ್ಲೊ ಕಪೂತೊ, ಹಾಲಿನ ಕಾಫಿಯಲ್ಲಿ ಬನ್ನು ಅದ್ದುತ್ತಿದ್ದ. ಅವನು ದಕ್ಷಿಣದವನು, ನಿವೃತ್ತಿಗೆ ಹತ್ತಿರ ಬಂದವನು, ಯಾರಿಗೂ ಕೇಡು ಬಯಸದವನು. ಬನ್ನು ಅರ್ಧ ಕರಗಿ ಬಟ್ಟಲಿಗೆ ಬಿತ್ತು.

"ಎವರಿಸ್ತೊ ಅವರೇ," ಎಂದ ಮರೆಶಾಲ್ಲೊ, ಬಹಳ ಮೆತ್ತಗೆ. "ನನಗೆ ಸರಿಯಾಗಿ ಕೇಳಿಸಲಿಲ್ಲ. ನಿಮ್ಮ ಅಜ್ಜ ಕೊಟ್ಟಿದ್ದು ಅಂದ್ರಿ, ಅಲ್ವಾ?"

"ಅಜ್ಜ ಎಲ್ಲಿಂದ ಕೊಡ್ತಾನೆ! ಅವನ ಹತ್ರ ಒಂದು ಕತ್ತೆ ಬಿಟ್ರೆ ಏನಿತ್ತು?"

"ಇರ್ಲಿ, ಕತ್ತೆ ಜೊತೆ ಇದೂ ಇತ್ತೇನೋ. ಯೋಚನೆ ಮಾಡಿ. ಅರ್ಜೆಂಟಿಲ್ಲ. ನಾನು ಕಾಫಿ ಕುಡೀತಿದೀನಿ."

"ಮರೆಶಾಲ್ಲೊ, ನಿಮಗೆ ಅರ್ಥ ಆಗ್ತಿಲ್ಲ! ನೆಲದಿಂದ ಬಂತು. ಒಂದು ಮೀಟರ್ ಆಳ. ಗ್ವೆರ್ರೀನೊ ಸಾಕ್ಷಿ!"

ಬಾಗಿಲ ಹತ್ತಿರ ನಿಂತಿದ್ದ ಗ್ವೆರ್ರೀನೊ ಆಗಲೇ ಬಾಗಿಲ ಹತ್ತಿರ ಇರಲಿಲ್ಲ. ಮರೆಶಾಲ್ಲೊ ಬಾಯಿ ಒರೆಸಿಕೊಂಡು, ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ಟೋಪಿಯನ್ನು ತೆಗೆದು ತಲೆಗಿಟ್ಟುಕೊಂಡ. ಟೋಪಿ ಇಟ್ಟ ಮೇಲೆ ಅವನಿಗೆ ಎಲ್ಲವೂ ಕೇಳಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಸಂಜೆಯ ಹೊತ್ತಿಗೆ ಹಿತ್ತಲಿಗೆ ಕೆಂಪು ಬಿಳಿ ಪಟ್ಟಿ ಬಿತ್ತು. ಎರಡು ದಿನ ಬಿಟ್ಟು ಇಲಾಖೆಯಿಂದ ದೊತ್ತೊರೆಸ್ಸಾ ಫ್ರಾತ್ತೀನಿ, ಅಂದರೆ ಡಾಕ್ಟರ್ ಫ್ರಾತ್ತೀನಿ, ಎಂಬ ವಿದುಷಿ ಮಂಡಿಯವರೆಗಿನ ಬೂಟು ಹಾಕಿಕೊಂಡು ಬಂದಳು. ನಾಣ್ಯವನ್ನು ಬೆಳಕಿಗೆ ಓರೆಯಾಗಿ ಹಿಡಿದು, ಒಮ್ಮೆ ತಿರುಗಿಸಿ, ಮುಗಿಸಿದಳು.

"ಮಾರ್ಕಸ್ ಅಲ್ಲ ಇದು. ಹಿಂಬದಿ ನೋಡಿ, ನಿಂತಿರೋ ಮನುಷ್ಯ, ಕೈಯಲ್ಲಿ ಒಂದು ಗೋಳ."

"ಕಲ್ಲಂಗಡಿ," ಎಂದ ಎವರಿಸ್ತೊ.

"ಭೂಗೋಳ. ಜಗತ್ತು ನನ್ನ ಕೈಯಲ್ಲಿ ಅಂತ. ಇವನು ದಿದಿಯಸ್ ಯೂಲಿಯಾನುಸ್. ಅಪರೂಪದವನು. ಎರಡು ತಿಂಗಳು ಆಳಿದ ಅಷ್ಟೆ. ಕಾವಲು ಸೈನಿಕರು ಹಿಂದಿನ ಚಕ್ರವರ್ತೀನ ಕೊಂದು ಸಿಂಹಾಸನಾನ ಹರಾಜಿಗೆ ಹಾಕಿದ್ರು. ಹೆಚ್ಚು ಕೂಗಿದವನು ಇವನು."

ಈ ಹರಾಜಿನ ಮಾತೊಂದು ಇಲ್ಲದಿದ್ದರೆ ಪ್ರಕರಣ ತಣ್ಣಗಾಗುತ್ತಿತ್ತು. ಹಿತ್ತಲ ಬಾಗಿಲಲ್ಲಿ ಇಯೋಲೆ ಕಣ್ಣೀರು ತುಂಬಿಕೊಂಡು ನಿಂತದ್ದನ್ನು ಕಂಡು ದೊತ್ತೊರೆಸ್ಸಾಗೆ ಮರುಕ ಬಂದಿತ್ತು. ಪಡಸಾಲೆಯ ನೀಲಿ ಟೈಲ್ಸನ್ನು ದಾಟಿ, ಹೊಗಳಿ, ಕಾಫಿ ಕುಡಿಯುತ್ತ ಮೆಲ್ಲಗೆ ಹೇಳಿದಳು: "ನೋಡಿ ಇಯೋಲೆ, ಒಂದೇ ಒಂದು ನಾಣ್ಯ. ದಾರಿಹೋಕನ ಚೀಲದಿಂದ ಬಿದ್ದಿರಬಹುದು. ಬಿಡಿಯಾಗಿ ಸಿಕ್ಕಿದ್ದು ಅಂತ ಬರೀತೀನಿ. ಬರೋ ವಾರ ಪಟ್ಟಿ ಬಿಚ್ಚಿಸ್ತೀನಿ. ಇನ್ನೊಂದು ಸಿಕ್ಕರೆ ಮಾತ್ರ ನನ್ನ ಕೈಲಿ ಏನೂ ಇಲ್ಲ."

ಇಯೋಲೆ ಅವಳ ಕೈಗೆ ಮುತ್ತಿಟ್ಟಳು.

ಆದರೆ ಅಷ್ಟರಲ್ಲಿ ನಮ್ಮ ಮೇಯರ್ ಸ್ಪಿನೆಲ್ಲಿಯವರು ಊರಿನ ಹೆಬ್ಬಾಗಿಲಿಗೆ "ತತ್ವಜ್ಞಾನಿ ಚಕ್ರವರ್ತಿಯ ಮೆಚ್ಚಿನ ಮೊಂತೆರಿಪಾಗೆ ಸ್ವಾಗತ" ಎಂಬ ಬಟ್ಟೆಯ ಫಲಕ ಕಟ್ಟಿಸಿಯಾಗಿತ್ತು. ಚುನಾವಣೆ ಹತ್ತಿರದಲ್ಲಿತ್ತು. ಹಿಂದಿನ ಚುನಾವಣೆಯ ಮುನ್ನಾದಿನ ಊರಿನ ಮನೆಮನೆಗೂ ಉಪ್ಪು ಹಚ್ಚಿ ಒಣಗಿಸಿದ ಒಂದೊಂದು ಹಂದಿತೊಡೆ ತಾನಾಗಿಯೇ ಬಂದು ತಲುಪಿತ್ತು. ಯಾರು ಕಳಿಸಿದರೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದವರೆಲ್ಲ ಸ್ಪಿನೆಲ್ಲಿಗೆ ಮತ ಹಾಕಿದ್ದರು. ಈಗ ಬ್ರಿಲ್ಲಿ ಔಷಧದಂಗಡಿಯ ಗಾಜಿಗೆ ನಾಣ್ಯದ ದೊಡ್ಡ ಚಿತ್ರ ಅಂಟಿಸಿ ಕೆಳಗೆ ಬರೆಸಿದ: "ಸಿಂಹಾಸನ ಕೊಂಡವನು. ಆದರೆ ಹಂದಿತೊಡೆ ಹಂಚಲಿಲ್ಲ."

ಮೇಯರ್ ಇದನ್ನು ವೈಯಕ್ತಿಕವಾಗಿ ತೆಗೆದುಕೊಂಡರು. ಊರು ಎರಡಾಯಿತು. ಮಾರ್ಕಸ್ ಪಕ್ಷದವರು ಒತ್ತೊರೀನೊನ ಬಾರಿನ ಒಳಗೆ, ಯೂಲಿಯಾನುಸ್ ಪಕ್ಷದವರು ಹೊರಗಿನ ಮೇಜುಗಳಲ್ಲಿ. ಕ್ಷೌರದ ಅಂಗಡಿಯಲ್ಲಿ ಗಡ್ಡ ಬಿಟ್ಟವನನ್ನು "ನೀನು ಯಾರ ಕಡೆ?" ಎಂದು ಕೇಳಿಯೇ ಕತ್ತರಿ ಎತ್ತುತ್ತಿದ್ದರು. ನಾಣ್ಯದವನ ಹಣೆಯ ಗೆರೆ ಚಿಂತನೆಯದೋ, ಹರಾಜಿನಲ್ಲಿ ಕೂಗಿದ ಸುಸ್ತಿನದೋ ಎಂಬ ಬಗ್ಗೆ ನನ್ನ ಸಿಗರೇಟಿನ ಅಂಗಡಿಯಲ್ಲೇ ಇಬ್ಬರು ಷಡ್ಡಕರು ಮಾತು ಬಿಟ್ಟರು.

ಒಂದು ಬೆಳಿಗ್ಗೆ ಮೇಯರ್ ಖುದ್ದಾಗಿ ಬೆಲ್ಲೂಚಿ ಮನೆಗೆ ಬಂದರು. ಕಂಕುಳಲ್ಲಿ ಒಂದು ಹಂದಿತೊಡೆ.

"ಎವರಿಸ್ತೊ, ಮೊದಲು ಗುರುತು ಹಿಡಿದವನು ನೀನು. ಆ ಹೆಣ್ಣುಮಗಳು ಹೊರಗಿನವಳು. ಅವಳಿಗೆ ನಮ್ಮೂರ ಮಣ್ಣಿನ ಮುಖ ಹೆಂಗೆ ಗೊತ್ತಾಗತ್ತೆ? ಶನಿವಾರ ಸಭೆ ಕರೆದಿದ್ದೀನಿ. ಎದ್ದು ನಿಂತು ಮಾರ್ಕಸ್ ಅನ್ನು. ನಿನ್ನ ಬಚ್ಚಲಿನ ಪರವಾನಗಿ ನಾನು ನೋಡ್ಕೋತೀನಿ."

ಹಂದಿತೊಡೆಯನ್ನು ಇಯೋಲೆ ಇಟ್ಟುಕೊಂಡಳು. ಅಭಿಪ್ರಾಯವನ್ನು ವಾಪಸು ಕಳಿಸಿದಳು. ಆಮೇಲೆ ಗಂಡನನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ ಪಾಠ ಹೇಳಿಕೊಟ್ಟಳು.

"ಮಾರ್ಕಸ್ ಅಂದ್ರೆ ಬ್ರಿಲ್ಲಿ ಇಲಾಖೆಗೆ ದೂರು ಕೊಡ್ತಾನೆ. ಆ ಇನ್ನೊಬ್ಬನ ಹೆಸರು ಹೇಳಿದ್ರೆ ಮೇಯರ್ ಪರವಾನಗಿ ಕೊಡಲ್ಲ. ನೀನು ಮೂರೇ ಮಾತು ಹೇಳ್ಬೇಕು. ಗೊತ್ತಿಲ್ಲ. ನಾಣ್ಯ ಸವೆದಿದೆ. ನಮಸ್ಕಾರ. ಎಲ್ಲಿ, ಹೇಳು?"

"ಗೊತ್ತಿಲ್ಲ. ನಾಣ್ಯ ಸವೆದಿದೆ. ನಮಸ್ಕಾರ. ಆದ್ರೆ ಇಯೋಲೆ, ಮೂಗಿನ ಮೇಲಿಂದ..."

"ಮೂಗಿಲ್ಲ! ಅವನಿಗೆ ಮೂಗೇ ಇಲ್ಲ! ಇನ್ನೊಂದ್ಸಲ ಹೇಳು!"

ಶನಿವಾರ ಪುರಭವನ ತುಂಬಿತ್ತು. ಪೋಪ್ ಸತ್ತಾಗ ಕೂಡ ಅಷ್ಟು ಜನ ಸೇರಿರಲಿಲ್ಲ. ವೇದಿಕೆಯ ಮೇಲೆ ಮೇಯರ್, ದೊತ್ತೊರೆಸ್ಸಾ, ಮತ್ತು ಗಾಜಿನ ಪೆಟ್ಟಿಗೆಯಲ್ಲಿ ಇಷ್ಟಕ್ಕೆಲ್ಲ ಕಾರಣನಾದ ಮಹಾನುಭಾವ. ಬಾಗಿಲಲ್ಲಿ ಮರೆಶಾಲ್ಲೊ, ಟೋಪಿ ಕೈಯಲ್ಲಿ. ಇಯೋಲೆ, ಅವಳ ಅಕ್ಕ ಮತ್ತು ತಾಯಿ ಮೊದಲ ಸಾಲಿನಲ್ಲಿ.

"ಈ ಹಣೆ ನೋಡಿ," ಎಂದರು ಮೇಯರ್. "ಜನರ ಒಳಿತಿಗಾಗಿ ಚಿಂತೆ ಮಾಡಿದ ಹಣೆ. ನನಗಂತೂ ಪರಿಚಯದ ಹಣೆ ಅನ್ಸುತ್ತೆ."

"ಹೌದೌದು, ಬಹಳ ಪರಿಚಯದ್ದು!" ಎಂದು ಬ್ರಿಲ್ಲಿ ಕೂಗಿದ. ಅರ್ಧ ಸಭೆ ನಕ್ಕಿತು. ಉಳಿದರ್ಧ ಹಂದಿತೊಡೆಯ ನೆನಪಾಗಿ ನೆಲ ನೋಡಿತು.

"ಪ್ರೊಫೆಸರ್ ಬೆಲ್ಲೂಚಿ ಅವರು ಮಾತಾಡಬೇಕು," ಎಂದರು ಮೇಯರ್.

ಎವರಿಸ್ತೊ ಎದ್ದ. ಕತ್ತಿನ ಪಟ್ಟಿ ಸರಿಮಾಡಿಕೊಂಡ. ಇಯೋಲೆಯ ತುಟಿ ಅವನ ತುಟಿಗಿಂತ ಮೊದಲೇ ಅಲುಗುತ್ತಿತ್ತು.

"ಗೊತ್ತಿಲ್ಲ," ಎಂದ ಎವರಿಸ್ತೊ.

ಇಯೋಲೆ ಶಿಲುಬೆಯ ಗುರುತು ಮಾಡಿಕೊಂಡಳು.

"ನಾಣ್ಯ ಸವೆದಿದೆ."

ಇನ್ನು ಉಳಿದಿದ್ದದ್ದು ಒಂದು ನಮಸ್ಕಾರ. ಮೊಂತೆರಿಪಾದ ಇತಿಹಾಸದಲ್ಲಿ ಒಂದು ನಮಸ್ಕಾರಕ್ಕೆ ಅಷ್ಟು ಬೆಲೆ ಎಂದೂ ಬಂದಿರಲಿಲ್ಲ. ಆಗ ಬ್ರಿಲ್ಲಿ, ತನ್ನ ಪಕ್ಕದವನಿಗೆ ಹೇಳುವಂತೆ, ಇಡೀ ಸಭೆಗೆ ಕೇಳುವಂತೆ ಹೇಳಿದ: "ಪಾಪ, ಬಿಡಿ. ಮಾವನ ಮುಖಾನೇ ಗುರುತು ಹಿಡೀಲಿಲ್ಲ, ಚಕ್ರವರ್ತಿ ಮುಖ ಎಲ್ಲಿಂದ ಹಿಡೀತಾರೆ?"

ಸಭೆ ಹೋ ಎಂದಿತು. ಅತ್ತೆ ಎಲ್ಲರಿಗಿಂತ ಜೋರಾಗಿ ನಕ್ಕಳು.

"ಸವೆದಿರೋದು ನಾಣ್ಯ!" ಎಂದು ಎವರಿಸ್ತೊ ಗುಡುಗಿದ. "ನಾನಲ್ಲ! ಇದು ಮಾರ್ಕಸ್ಸೂ ಅಲ್ಲ, ನಿಮ್ಮ ಯೂಲಿಯಾನುಸ್ಸೂ ಅಲ್ಲ! ಇವನು ಪೆರ್ತಿನಾಕ್ಸ್! ಆ ಹರಾಜಿಗೆ ಮುಂಚೆ ಕೊಲೆಯಾದನಲ್ಲ, ಅವನು! ಯಾಕೆ ಅಂತೀರಾ? ಇದರಲ್ಲಿ ಮೂಗು ಸವೆದುಹೋಗಿದೆ. ಆದ್ರೆ ಇನ್ನೊಂದರಲ್ಲಿ ಚೆನ್ನಾಗಿದೆ!"

ಹೇಳುತ್ತಲೇ ಕೋಟಿನ ಒಳಜೇಬಿಗೆ ಕೈಹಾಕಿ, ಕರವಸ್ತ್ರ ಬಿಚ್ಚಿ, ಹಸಿರಾದ ಎರಡನೇ ನಾಣ್ಯವನ್ನು ಎತ್ತಿ ಹಿಡಿದ.

ದೊತ್ತೊರೆಸ್ಸಾ ಕಣ್ಣು ಮುಚ್ಚಿಕೊಂಡಳು. ಬಾಗಿಲಿನಿಂದ ಮರೆಶಾಲ್ಲೊನ ದನಿ ಬಂತು, ಮುಳುಗುವವನಿಗೆ ಹಗ್ಗ ಎಸೆದಂತೆ.

"ಎವರಿಸ್ತೊ ಅವರೇ. ಅದು ನಿಮ್ಮ ಅಜ್ಜನದ್ದು."

"ಅಲ್ಲ ಮರೆಶಾಲ್ಲೊ! ಅದೇ ಗುಂಡಿ! ಅದೇ ದಿನ! ನಾನೇ ಮಣ್ಣಿನ ಗುಡ್ಡೆಯಿಂದ ಆರಿಸಿ ಕಾಲುಚೀಲದಲ್ಲಿ ಇಟ್ಟಿದ್ದೆ!"

ಮರೆಶಾಲ್ಲೊ ಟೋಪಿ ಹಾಕಿಕೊಂಡ. ಇಯೋಲೆ ಎದ್ದಳು, ತಾಯಿಯ ಕೈಹಿಡಿದಳು, ಸಾಲಿನಿಂದ ಹೊರಗೆ ನಡೆದಳು. ನನ್ನ ಪಕ್ಕ ಬಂದಾಗ ನಿಂತು, "ನಿಮ್ಮ ಮನೆ ಬಚ್ಚಲಿಗೆ ಬಿಸಿನೀರು ಬರುತ್ತಾ?" ಎಂದು ಕೇಳಿದಳು. ಮುಂದಾಲೋಚನೆಯ ಹೆಂಗಸು.

ಎವರಿಸ್ತೊ ಬಚ್ಚಿಟ್ಟದ್ದನ್ನು ಮರೆಶಾಲ್ಲೊ "ಮರೆವಿನಿಂದ ತಡವಾಗಿ ಒಪ್ಪಿಸಿದ್ದು" ಎಂದು ದಾಖಲಿಸಿ ಅವನನ್ನು ಕೋರ್ಟಿನಿಂದ ಉಳಿಸಿದ. ಬಚ್ಚಲನ್ನು ಉಳಿಸುವುದು ಅವನ ಕೈಲೂ ಆಗಲಿಲ್ಲ. ಒಂದು ನಾಣ್ಯವಾದರೆ ದಾರಿಯಲ್ಲಿ ಬಿದ್ದದ್ದು, ಎರಡಾದರೆ ಅಲ್ಲೇ ಏನೋ ಇದ್ದದ್ದು. ಇಲಾಖೆಯ ತರ್ಕ ಇದು. ಪಟ್ಟಿ ಹಿತ್ತಲು ದಾಟಿ ಮನೆಯ ಹಿಂಗೋಡೆಯವರೆಗೆ ಬಂತು, ಆಮೇಲೆ ಗೋಡೆಯನ್ನೂ ದಾಟಿತು. ಅಗೆತಕ್ಕಾಗಿ ಹಳೆಯ ಬಚ್ಚಲಿನ ನೆಲವನ್ನೂ ಕಿತ್ತುಹಾಕಿದರು. ಅಲ್ಲಿಗೆ ಬೆಲ್ಲೂಚಿ ಮನೆಯಲ್ಲಿ ಜನ ನಾಲ್ಕು, ಬಚ್ಚಲು ಸೊನ್ನೆ. ದಿನಾ ಬೆಳಿಗ್ಗೆ ಮೂರು ಟವೆಲು ನನ್ನ ಪಡಸಾಲೆಯಲ್ಲಿ ಸಾಲುಗಟ್ಟತೊಡಗಿದವು, ನಾಲ್ಕನೆಯದು ಪುಸ್ತಕದ ಸಮೇತ. ರೋಮನ್ ಇತಿಹಾಸದಲ್ಲಿ ನನ್ನ ಆಸಕ್ತಿ ಶುರುವಾದದ್ದು ಆಗಲೇ.

ಚಳಿಗಾಲ ಕಳೆಯುವ ಹೊತ್ತಿಗೆ ಅಗೆತ ಮುಗಿಯಿತು. ದೊತ್ತೊರೆಸ್ಸಾ ಇಯೋಲೆಯನ್ನು ಕರೆದು ಗುಂಡಿ ತೋರಿಸಿದಳು. ನಾನೂ ಹೋಗಿದ್ದೆ. ಉದ್ದಕ್ಕೆ ಒಂದು ಕಲ್ಲಿನ ಜಗಲಿ, ಅದರಲ್ಲಿ ಅಚ್ಚುಕಟ್ಟಾಗಿ ಕೊರೆದ ಎಂಟು ತೂತು, ಕೆಳಗೆ ನೀರು ಹರಿಯಲು ಕಾಲುವೆ.

"ಇದೇನು, ಒಲೆಯಾ?" ಎಂದಳು ಇಯೋಲೆ.

"ಕಕ್ಕಸು," ಎಂದಳು ದೊತ್ತೊರೆಸ್ಸಾ. "ಸಾರ್ವಜನಿಕ ಕಕ್ಕಸು. ಒಂದು ಕಲ್ಲೂ ಕದಲಿಲ್ಲ. ಎಂಥ ಚೆಂದ ನೋಡಿ! ನಾಣ್ಯಗಳು ಯಾರದ್ದೋ ಸೊಂಟದಿಂದ ಜಾರಿರಬೇಕು."

ಇಯೋಲೆ ಬೆರಳು ಚಾಚಿ ತೂತುಗಳನ್ನು ಎಣಿಸಿದಳು. "ಎಂಟು," ಎಂದಳು ಕೊನೆಗೆ. "ಎಂಟು ಜನ ಒಟ್ಟಿಗೆ. ಯಾರೂ ಯಾರನ್ನೂ ಕಾಯ್ಬೇಕಾಗಿರ್ಲಿಲ್ಲ." ಎವರಿಸ್ತೊನ ಕಡೆ ತಿರುಗಿದಳು. "ಸಾವಿರದೆಂಟುನೂರು ವರ್ಷದ ಹಿಂದೇನೇ ಇಲ್ಲಿ ಬಚ್ಚಲು ಕಟ್ಟಿದ್ರಲ್ಲೋ. ಆಗ ನೀನಿರಲಿಲ್ಲ, ಅದಕ್ಕೆ."

ಸರ್ಕಾರ ಹಿತ್ತಲನ್ನು ವಶಕ್ಕೆ ತೆಗೆದುಕೊಂಡು ಅಲ್ಲಿ ಒಂದು ಪುಟ್ಟ ಸಂಗ್ರಹಾಲಯ ತೆರೆಯಿತು. ಚುನಾವಣೆಯಲ್ಲಿ ಸ್ಪಿನೆಲ್ಲಿಯೇ ಗೆದ್ದರು. ಈ ಸಲ ಹಂದಿತೊಡೆಯ ಜೊತೆ ಚೀಸೂ ಬಂದಿತ್ತು. ನಾಣ್ಯ ಯಾರದೆಂಬ ಜಗಳ ಮುಗಿಯದ ಕಾರಣ, ಇಲಾಖೆ, ಪುರಸಭೆ ಮತ್ತು ವಿರೋಧಪಕ್ಷ ಮೂರೂ ಒಪ್ಪಿದ ಚೀಟಿಯನ್ನು ಗಾಜಿನ ಪೆಟ್ಟಿಗೆಗೆ ಅಂಟಿಸಲಾಯಿತು: "ಚಕ್ರವರ್ತಿ. ಕಂಚು. ಗಡ್ಡವಿದೆ." ಎವರಿಸ್ತೊ ದಿನಾ ಅದರ ಮುಂದೆ ನಿಂತು, ಬಂದವರಿಗೆಲ್ಲ ಕಿವಿಯಲ್ಲಿ ಪೆರ್ತಿನಾಕ್ಸ್ ಎಂದು ಹೇಳುತ್ತಾನೆ.

ಪ್ರವಾಸಿಗರು ಬರುವ ಜಾಗದಲ್ಲಿ ಎರಡು ಶೌಚಾಲಯ ಇರಲೇಬೇಕೆಂದು ಕಾನೂನು ಇದೆ. ಎಂಟು ತೂತಿನದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹಾಗಾಗಿ ಗ್ವೆರ್ರೀನೊ ಕಣ್ಣುಮುಚ್ಚಿ ಪಾಯ ತೋಡಿ, ಸರ್ಕಾರದ ಖರ್ಚಿನಲ್ಲಿ ಎರಡು ಕಟ್ಟಿದ. ಬಿಸಿನೀರಿದೆ, ಹಿಡಿದುಕೊಳ್ಳಲು ಕಂಬಿಯಿದೆ, ಗೋಡೆಗೆ ಇಯೋಲೆಯ ನೀಲಿ ಟೈಲ್ಸು. ಬೀಗದಕೈ ಸಂಗ್ರಹಾಲಯದ ಕಾವಲುಗಾರ್ತಿಯ ಹತ್ತಿರ ಇರುತ್ತದೆ, ಕಾವಲುಗಾರ್ತಿ ಇಯೋಲೆ.

ಬೆಲ್ಲೂಚಿ ಸಂಸಾರಕ್ಕೆ ಈಗ ಎರಡು ಬಚ್ಚಲು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ. ಸೋಮವಾರ ರಜೆ. ಸೋಮವಾರ ನಮ್ಮ ಮನೆಗೆ ಬರುತ್ತಾರೆ.